ಮೊದಲ ಪಂಕ್ತಿ

ಕೇಶವಯ್ಯನವರು ಕಂಡವರ ಮದುವೆಗಳಲ್ಲಿ ಉಂಡುಂಡೇ ಪಳಗಿದವರು. ಗಟ್ಟಿಮೇಳ ಕೇಳಿದೊಡನೆ ಅವರ ಕೈ ತಾನಾಗಿ ಅಕ್ಷತೆ ಎರಚುತ್ತಿತ್ತು, ಕಾಲು ತಾನಾಗಿ ಊಟದ ಮನೆಯ ಕಡೆ ತಿರುಗುತ್ತಿತ್ತು. ವಧೂವರರ ಮುಖವನ್ನು ಆಮೇಲೆ ಫೋಟೋದಲ್ಲಾದರೂ ನೋಡಬಹುದು, ಮೊದಲ ಪಂಕ್ತಿ ತಪ್ಪಿದರೆ ಹೋಳಿಗೆಗೆ ತುಪ್ಪ ಸಿಕ್ಕುವುದಿಲ್ಲ ಎಂಬುದು ಅವರ ಸಿದ್ಧಾಂತ.

ಅಂದೂ ಹಾಗೇ ಆಯಿತು. ತಾಳಿಯ ಗಂಟು ಬೀಳುವಷ್ಟರಲ್ಲಿ ಹೊಸ ರೇಷ್ಮೆ ಪಂಚೆಯನ್ನು ಎತ್ತಿ ಹಿಡಿದು ಓಡಿದವರು, ಫ್ಯಾನಿನ ಕೆಳಗಿನ ಎಲೆಯ ಮುಂದೆ ಕೂತಿದ್ದರು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಕೋಸಂಬರಿ ಬಂತು, ಪಲ್ಯ ಬಂತು. ಅನ್ನ ಮಾತ್ರ ಬರಲಿಲ್ಲ.

"ಏನಯ್ಯಾ, ಅನ್ನ ಇನ್ನೂ ಬೆಂದಿಲ್ವೋ?" ಎಂದು ಬಡಿಸುತ್ತಿದ್ದ ಹೊಸಬನನ್ನು ಗದರಿದರು.

"ಬೆಂದಿದೆ ಸ್ವಾಮಿ. ಬೀಗರು ಬಂದು ಕೂರದೆ ಬಡಿಸೋ ಹಾಗಿಲ್ಲ."

"ಬರೋಕೆ ಅವರಿಗೇನು ಧಾಡಿ?"

"ಹೆಣ್ಣಿನ ತಂದೆ ಬಂದು ಕೈಮುಗಿದು ಕರೆದ್ರೇನೇ ಏಳೋದಂತೆ. ಅವರು ನೋಡಿದ್ರೆ ಎಲ್ಲೂ ಕಾಣ್ತಿಲ್ಲ."

ಕೇಶವಯ್ಯನವರಿಗೆ ಪಿತ್ತ ನೆತ್ತಿಗೇರಿತು. "ಮದುವೆ ಇಟ್ಕೊಂಡು ಎಲ್ಲಿ ಹಾಳಾಗಿ ಹೋದನಯ್ಯಾ ಆ ಅವಿವೇಕಿ? ಬೀಗರನ್ನ ಊಟಕ್ಕೆ ಕರೀಬೇಕು ಅನ್ನೋ ಜ್ಞಾನವೂ ಬೇಡ್ವೇ?"

ಪಕ್ಕದ ಎಲೆಯವರು ಸುಮ್ಮನೆ ಕೆಮ್ಮಿದರು.

ಅಷ್ಟರಲ್ಲಿ ಕೇಶವಯ್ಯನವರ ಹೆಂಡತಿ ಏದುಸಿರು ಬಿಡುತ್ತ ಬಂದು ಅವರ ಬೆನ್ನ ಹಿಂದೆ ನಿಂತರು.

"ಏಳ್ರೀ ಮೇಲೆ, ಬೀಗರು ಕಾಯ್ತಿದ್ದಾರೆ! ಸ್ವಂತ ಮಗಳ ಮದುವೇಲೂ ಮೊದಲ ಪಂಕ್ತೀನೇ ಬೇಕಿತ್ತಾ ನಿಮಗೆ?"