ಒಂದು ಬೆರಳು ಸಂದು

ಎಂಟನೇ ಬಾಗಿಲನ್ನೂ ಕೂರಿಸಿ ಮುಗಿಸಿದ ಅಪ್ಪ, ಜೇಬಿನಿಂದ ಒಂದು ಹಾಳೆ ತೆಗೆದು ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕೂತ. ಬಾಗಿಲ ಕೆಳಗೆ ಹಾಳೆ ತೂರಿಸಲು ನೋಡಿದ. ಹೋಗಲಿಲ್ಲ. ಓರೆ ಮಾಡಿ ನೋಡಿದ. ಊಹೂಂ. "ನೋಡೇ ಗುಬ್ಬಿ, ಇರುವೆಗೂ ದಾರಿಯಿಲ್ಲ!" ಎಂದು ಮಗಳ ಕಡೆ ತಿರುಗಿ ಹಲ್ಲು ಬಿಟ್ಟ. ನಕ್ಕಿದ್ದೇ ತಡ, ಕೆಮ್ಮು ಒತ್ತರಿಸಿಕೊಂಡು ಬಂತು.

ಚಿಕ್ಕಂದಿನಲ್ಲಿ ಈ ಪರೀಕ್ಷೆಗೆ ಅವಳೇ ಜೊತೆಗಾತಿ. ಬಾಗಿಲಾಚೆ ಕೈಯೊಡ್ಡಿಕೊಂಡು ಕೂರುವಳು. ಈಚೆಯಿಂದ ಅಪ್ಪ "ಬಂತಾ?" ಅನ್ನುವನು. "ಇಲ್ಲ ಅಪ್ಪ" ಅನ್ನುವಳು. ಒಂದೇ ಒಂದು ಸಲವಾದರೂ ಬರಬಾರದೇ ಎಂದು ಅವಳಿಗೆ ಆಸೆ. ಬಾರದಿದ್ದಷ್ಟೂ ಅಪ್ಪನಿಗೆ ಖುಷಿ.

ಈಗ ಮಾತ್ರ ಅವಳಿಗೆ ತನ್ನ ತಪ್ಪು ಹೊಳೆಯಿತು. ಮನೆಗೆ ಬಿಸಿ ಎಲ್ಲಿಂದ ಬರಬೇಕು, ಗಾಳಿ ಯಾವ ದಾರಿ ಹಿಡಿಯಬೇಕು ಎಂದು ನಕ್ಷೆ ಹಾಕಿಕೊಡುವುದೇ ಅವಳ ಕಸುಬು. "ನನ್ನ ಮಗಳದು ಗಾಳಿ ವ್ಯಾಪಾರ" ಎಂದು ಅಪ್ಪ ಕಂಡಕಂಡವರಿಗೆಲ್ಲ ಹೇಳಿ ನಗುವನು. ತನ್ನ ಈ ಹೊಸ ಮನೆಗೂ ತಿಂಗಳುಗಟ್ಟಲೆ ಕೂತು ನಕ್ಷೆ ಹಾಕಿದ್ದಳು: ನೆಲದಡಿ ಬಿಸಿನೀರಿನ ಪೈಪು, ಮಲಗುವ ಕೋಣೆಗಳಿಗೆ ಹೊಸ ಗಾಳಿ, ಅಡುಗೆಮನೆ ಬಚ್ಚಲಿನಿಂದ ಹಳೇ ಗಾಳಿ ಹೊರಕ್ಕೆ. ಎಲ್ಲ ಸರಿಯೇ. ಆದರೆ ಗಾಳಿ ಕೋಣೆ ದಾಟಬೇಕಾದರೆ ಒಳಬಾಗಿಲುಗಳ ಕೆಳಗೆ ಒಂದು ಬೆರಳು ಸಂದು ಬೇಕು. ಊರಿನ ಬಡಗಿಗಳಿಗೆಲ್ಲ ಅದನ್ನು ಗಿಣಿಪಾಠ ಮಾಡಿಸಿದವಳು ಸ್ವಂತ ಅಪ್ಪನಿಗೇ ಹೇಳುವುದನ್ನು ಮರೆತಿದ್ದಳು. ಅಪ್ಪನ ಬಾಗಿಲಿಗೆ ಯಾರಾದರೂ ಬುದ್ಧಿ ಹೇಳುವುದುಂಟೇ!

"ನಾಳೆ ಮಾವ ಆಸ್ಪತ್ರೆಗೆ ಹೋದಾಗ ಯಾರನ್ನಾದ್ರೂ ಕರೆಸಿ ಕೊಯ್ಸಿಬಿಡೋಣ. ಗೊತ್ತೇ ಆಗಲ್ಲ" ಎಂದು, ವಿಷಯ ತಿಳಿದ ಗಂಡ ಅವಳ ಕಿವಿಯಲ್ಲಿ ಉಸುರಿದ.

"ಅಪ್ಪನಿಗಾ? ಒಂದು ಮೊಳೆ ಅಲ್ಲಾಡಿದ್ರೂ ಗೊತ್ತಾಗತ್ತೆ. ಸುಮ್ನಿರಿ."

ಇವು ಅಪ್ಪನ ಕೊನೆಯ ಬಾಗಿಲುಗಳು. ನಲವತ್ತು ವರ್ಷ ಮರದ ಪುಡಿ ಕುಡಿದ ಎದೆ. ಇನ್ನು ಗರಗಸ ಮುಟ್ಟಕೂಡದು ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಮಗಳ ಮನೆಯದೊಂದು ಆಗಿಬಿಡಲಿ ಎಂದು ಹಟ ಹಿಡಿದು ಮಾಡಿದ್ದ. ಎಂಟನೆಯದು ಅವನದೇ ಕೋಣೆಯ ಬಾಗಿಲು.

ಅವಳು ಪಕ್ಕದಲ್ಲೇ ನೆಲಕ್ಕೆ ಕೂತಳು. "ಅಪ್ಪ, ತಪ್ಪು ನಂದು. ಬೈಯೋದಾದ್ರೆ ಬೈದ್ಬಿಡು. ಬಾಗಿಲ ಕೆಳಗೆ ಒಂದು ಬೆರಳು ಕೊಯ್ಯಬೇಕು. ಎಂಟಕ್ಕೂ."

ಅಪ್ಪ ತಮಾಷೆ ಅಂದುಕೊಂಡು ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ. "ಸಂದಾ? ನನ್ನ ಬಾಗಿಲಿಗಾ? ನಿನಗೆ ಮರೆತಿರಬಹುದು ಕಣೇ, ನನಗೆ ಮರೆತಿಲ್ಲ. ಆ ಬಾಡಿಗೆ ಮನೇಲಿ ಬಾಗಿಲ ಕೆಳಗಿಂದ ಚಳಿಗಾಳಿ ನುಗ್ಗಿ ನಿನಗೆ ಎದೆ ಕಟ್ಟಿ, ಇಡೀ ಚಳಿಗಾಲ ನಿಮ್ಮಮ್ಮ ಹಳೇ ಕಂಬಳಿ ತುರುಕಿ ತುರುಕಿ ಸಾಕಾದ್ಳು. ಅವತ್ತೇ ಅಂದ್ಕೊಂಡೆ, ನನ್ನ ಕೈಯ ಬಾಗಿಲ ಕೆಳಗೆ ಗಾಳಿ ಸುಳೀಕೂಡದು ಅಂತ."

ಅವಳಿಗೆ ಈ ಕಾರಣ ಗೊತ್ತಿರಲಿಲ್ಲ. ಅಪ್ಪನದು ಬರೀ ಕಸುಬಿನ ಜಂಬ ಅಂದುಕೊಂಡಿದ್ದಳು.

"ಅದು ಹೊರಬಾಗಿಲು, ಅಪ್ಪ. ಇಲ್ಲಿ ಒಳಗೆ ಓಡಾಡೋದು ಬೆಚ್ಚನೆ ಗಾಳೀನೇ. ನೀನು ಬಾಗಿಲು ಹಾಕ್ಕೊಂಡು ಮಲಗಿದ್ರೆ ಕೋಣೆ ಗಾಳಿ ಅಲ್ಲೇ ಕೊಳೀತದೆ, ನೀನು ಕೆಮ್ತಾನೇ ಇರ್ತೀಯ." ಅವಳು ಅಪ್ಪನ ಮೊಣಕೈ ಹಿಡಿದಳು. "ನನಗೆ ನಿನ್ನ ಬಾಗಿಲಿಗಿಂತ ನೀನು ಬೇಕು."

ಅಪ್ಪ ಬಾಗಿಲನ್ನು ಅಂಗೈಯಲ್ಲಿ ಎರಡು ಸಲ ಸವರಿದ. ಕಿವಿಯ ಮೇಲಿನ ಪೆನ್ಸಿಲು ತೆಗೆದ. "ಒಂದು ಬೆರಳು ಅಂದ್ಯಲ್ಲ, ಯಾರ ಬೆರಳು? ನಂದಾ, ನಿಂದಾ?"

"ನಂದು."

"ಇಡು ಮತ್ತೆ."

ಅವಳು ತೋರುಬೆರಳನ್ನು ಬಾಗಿಲ ಕೆಳ ಅಂಚಿಗೆ ಅಡ್ಡವಾಗಿ ಒತ್ತಿ ಹಿಡಿದಳು. ಅಪ್ಪ ಅದರಗುಂಟ ಗೆರೆ ಎಳೆದ. ಗರಗಸವನ್ನು ಮಾತ್ರ ಮುಟ್ಟಲಿಲ್ಲ. "ಡಾಕ್ಟರು ಬೇಡ ಅಂದಿದಾರಲ್ಲ" ಎಂದ. ಡಾಕ್ಟರ ಮಾತು ಅವನಿಗೆ ನೆನಪಾದದ್ದು ಅವತ್ತೇ ಮೊದಲು. ಕೊಯ್ಯುವ ಪಾಡು ಅಳಿಯನ ಪಾಲಿಗೆ ಬಂತು. ಬಾಗಿಲನ್ನು ಅಂಗಳಕ್ಕೆ ಒಯ್ದದ್ದಾಯಿತು. ಅಪ್ಪ ಮೂಗಿಗೆ ಬಟ್ಟೆ ಕಟ್ಟಿಸಿಕೊಂಡು ದೂರದಲ್ಲಿ ಕೂತು, "ಅಳಿಯಂದ್ರೇ, ನಿಧಾನ! ಅದು ಮರ, ಸೌತೆಕಾಯಿ ಅಲ್ಲ!" ಎಂದು ಕೂಗುತ್ತಲೇ ಇದ್ದ.

ಸಂಜೆಯ ಹೊತ್ತಿಗೆ ಆ ಎಂಟನೇ ಬಾಗಿಲು ಮತ್ತೆ ತನ್ನ ಜಾಗಕ್ಕೆ ಬಂತು; ಉಳಿದ ಏಳು ನಾಳೆಗೆ. ಅವಳು ಗಾಳಿಯ ಯಂತ್ರದ ಗುಂಡಿ ಒತ್ತಿದಳು. ಅಪ್ಪ ನೇರ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಬೇಜಾರಾಯಿತೇನೋ ಎಂದು ಅವಳು ಹೊರಗೇ ನಿಂತಳು.

ಸ್ವಲ್ಪ ಹೊತ್ತಿಗೆ ಬಾಗಿಲ ಕೆಳಗಿಂದ ಒಂದು ಹಾಳೆ ಎಲ್ಲೂ ತಾಗದೆ ಜಾರಿ ಬಂದು, ಅವಳ ಕಾಲ್ಬೆರಳಿಗೆ ತಾಗಿ ನಿಂತಿತು.

"ಬಂತಾ?" ಎಂದ ಅಪ್ಪ ಒಳಗಿಂದ.

ಅವಳು ನೆಲಕ್ಕೆ ಕೂತು ಎರಡೂ ಕೈಯಲ್ಲಿ ಹಾಳೆ ಎತ್ತಿಕೊಂಡಳು.

"ಬಂತು, ಅಪ್ಪ."