ಬಿದ್ದವರಿಗೆ ಎಂಟು

ಇನ್ನೊಂದು ಗಳಿಗೆ ತಡವಾಗಿದ್ದರೆ ಹೇಮಾವತಿ ಬಾಗಿಲು ಒದ್ದೇ ಬಿಡುತ್ತಿದ್ದಳು. ಅಷ್ಟರಲ್ಲಿ ಒಳಗಿನಿಂದ ಚಿಲಕ ಸರಿಯಿತು. ರಾಮಾಂಜಿ ಲುಂಗಿ ಬಿಗಿದುಕೊಳ್ಳುತ್ತಾ ಇಣುಕಿದ, ಖಾಕಿ ಕಂಡ, ಮುಖ ಗಂಟು ಹಾಕಿದ.

“ಕಂಪ್ಲೇಂಟ್ ಬಂದೈತಿ. ಹೆಂಡ್ತಿನ ಹೊಡಿತೀಯಂತ.”

“ಯಾರು ಹೇಳಿದ್ದು? ಆ ಗಂಗಕ್ಕನಾ?” ಅವನು ಹೇಮಾವತಿಯ ಭುಜದಾಚೆ ನೋಡಿ ಕ್ಯಾಕರಿಸಿದ. ಗೋಡೆಗೆ ಗೋಡೆ ಅಂಟಿದ ಪಕ್ಕದ ಮನೆಯ ಕಟ್ಟೆಯ ಮೇಲೆ ಗಂಗಕ್ಕ ಸೆರಗು ಬಿಗಿಹಿಡಿದು ನಿಂತಿದ್ದಳು. “ಮಂದಿ ಮನಿ ಗೋಡಿಗೆ ಕಿವಿ ಹಚ್ಚೋದು ಬಿಟ್ರ ಮುದುಕಿಗೆ ಬ್ಯಾರೆ ಕೆಲ್ಸ ಇಲ್ರಿ.”

ಠಾಣೆಗೆ ಫೋನ್ ಮಾಡಿದವಳು ಗಂಗಕ್ಕನೇ. ಆದವಾನಿಯ ಆ ಓಣಿಯ ಬೆನ್ನಿಗೇ ಹತ್ತಿ ಮಿಲ್ಲು. ಹಗಲೆಲ್ಲ ಅದರ ಗದ್ದಲದಲ್ಲಿ ಪಕ್ಕದವರು ಕೂಗಿದರೂ ಕೇಳುವುದಿಲ್ಲ. “ಸಂಜಿಗೆ ಮಷೀನು ನಿಂತ ಮ್ಯಾಲೆ ಗೋಡಿ ಆಚಿಂದ ಧಪ್ ಧಪ್ ಅಂತೈತಿ ಮೇಡಂ. ಆಮ್ಯಾಲೆ ಆ ಹುಡುಗಿ ಮೌನಿಕಾ ನರಳೋದು. ನೀವು ಬರ್ಲಿಲ್ಲಂದ್ರ ಆಕಿ ಉಳಿಯಂಗಿಲ್ಲ,” ಅಂದಿದ್ದಳು.

ಇಂಥ ಗಂಡಂದಿರನ್ನು ಕಂಡರೆ ಹೇಮಾವತಿಗೆ ಮೈಯೆಲ್ಲ ಉರಿ. ಅವನನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿದಳು. ಅಡುಗೆಮನೆಯ ಬಾಗಿಲಲ್ಲಿ ಮೌನಿಕಾ ನಿಂತಿದ್ದಳು.

“ಹೊಡಿತಾನೇನಮ್ಮ? ಹೆದ್ರಬ್ಯಾಡ, ಹೇಳು.”

ಮೌನಿಕಾ ಮೊದಲು ಗಂಡನ ಮುಖ ನೋಡಿದಳು. “ಇಲ್ಲರಿ.”

“ಕೇಳಿಸ್ತಲ್ಲ?” ರಾಮಾಂಜಿ ಟೀವಿಯ ಕಡೆ ಕೈ ತೋರಿಸಿದ. “ಮುದುಕಿ ಕೇಳೋ ಸಪ್ಪಳ ಇದು. ಬಾಕ್ಸಿಂಗು. ಹಳೇ ಫೈಟ್ ಹಾಕ್ಕೊಂಡು ಪಾಯಿಂಟ್ ಕೊಡೋದು ನನ್ನ ಹುಚ್ಚು. ಅಲ್ಲಿ ಧಪ್ ಅನ್ನದೆ ಕೊಳಲು ಊದ್ತಾರೇನ್ರಿ?”

ಪರದೆಯ ಮೇಲೆ ಕಪ್ಪು ಚಡ್ಡಿಯವನೊಬ್ಬ, ಬಿಳಿ ಚಡ್ಡಿಯವನೊಬ್ಬ ಮುಷ್ಟಿ ಎತ್ತಿದ ಹಾಗೇ ನಿಂತುಬಿಟ್ಟಿದ್ದರು. ಹೇಮಾವತಿಯ ಕೈಯಲ್ಲಿದ್ದ ಲಾಠಿ ತಾನಾಗಿ ಕೆಳಗಿಳಿಯಿತು. ಆ ಪಂದ್ಯ ಅವಳಿಗೆ ಬಾಯಿಪಾಠ.

ರಜೆ ಸಿಕ್ಕರೆ ಸಾಕು, ಅವಳದೂ ಇದೇ ಹುಚ್ಚು. ಮೊಬೈಲಿನಲ್ಲಿ ಹಳೇ ಪಂದ್ಯ ಹಚ್ಚಿ, ಸುತ್ತು ಮುಗಿದಂತೆಲ್ಲ ಅಂಕ ಹಾಕುವುದು. ಠಾಣೆಯವರು ನಗುತ್ತಿದ್ದರು. ಆಲೂರಿನಲ್ಲಿದ್ದ ತವರಿನವರೂ ನಗುತ್ತಿದ್ದರು. ತನ್ನಂಥ ಇನ್ನೊಂದು ಪ್ರಾಣಿ ಈ ಸೀಮೆಯಲ್ಲಿ ಇದ್ದೀತೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ. ಆದರೂ ಪೊಲೀಸಿನವಳು, ಬಾಯಿಮಾತಿಗೆ ಒಪ್ಪುವವಳಲ್ಲ.

“ಪಾಯಿಂಟ್ ಹೆಂಗ ಹಾಕ್ತೀ?”

“ಸುತ್ತು ಗೆದ್ದೋನಿಗೆ ಹತ್ತು, ಸೋತೋನಿಗೆ ಒಂಬತ್ತು. ಬಿದ್ದು ಎದ್ರ ಎಂಟು.”

“ಸುಮ್ನೆ ಮುಂದ ನುಗ್ತಾ ಹೋದೋನಿಗೆ?”

“ನುಗ್ಗಿದ್ರ ಏನ್ ಬಂತು? ಏಟು ಬೀಳ್ಬೇಕಲ್ರಿ.”

ಹುಸಿ ಅಭಿಮಾನಿಯ ಮಾತಲ್ಲ ಇದು. ಹೇಮಾವತಿ ಕುರ್ಚಿ ಎಳೆದುಕೊಂಡಳು. “ಹಚ್ಚು. ಈ ಸುತ್ತಿಗೆ ನೀನೂ ಹಾಕು, ನಾನೂ ಹಾಕ್ತೀನಿ.”

ಕಪ್ಪು ಚಡ್ಡಿಯವನು ಎಡಗೈ ಚಾಚಿ ಚಾಚಿ ಹೊಡೆಯತೊಡಗಿದ. ಬಿಳಿ ಚಡ್ಡಿಯವನು ಹಗ್ಗಕ್ಕೆ ಒರಗಿದ. ಹೇಮಾವತಿ ಕಣ್ಣು ಕೀಳಲಿಲ್ಲ.

“ನಮ್ಮ ಮನ್ಯಾಗ ಟೀವಿ ಸೌಂಡ್ ಇಡಂಗಿಲ್ಲರಿ,” ಹಿಂದಿನಿಂದ ಮೌನಿಕಾ ಅಂದಳು. “ಎಂದೂ ಇಟ್ಟಿಲ್ಲ.”

ರಾಮಾಂಜಿ ಗರಕ್ಕನೆ ತಿರುಗಿದ. “ನಿನ್ನ ಕೇಳಿದ್ರೇನು? ಚಾ ಮಾಡು ಹೋಗು.”

“ಬೈಬ್ಯಾಡ, ಪಾಪ,” ಹೇಮಾವತಿ ನಕ್ಕಳು. ತಾನೂ ದನಿ ನಿಲ್ಲಿಸಿಯೇ ನೋಡುವವಳು. ವೀಕ್ಷಕ ವಿವರಣೆ ಹೇಳುವವನು ಯಾರನ್ನು ಹೊಗಳುತ್ತಾನೋ ಅವನ ಕಡೆಗೇ ಮನಸ್ಸು ವಾಲುತ್ತದೆ. ನಿಜವಾಗಿ ಅಂಕ ಹಾಕುವವರು ಕಣ್ಣನ್ನಷ್ಟೇ ನಂಬುತ್ತಾರೆ. “ಶಹಬ್ಬಾಸ್ ರಾಮಾಂಜಿ! ಹಿಂಗ ನೋಡ್ಬೇಕು.”

ಬಿಳಿ ಚಡ್ಡಿಯವನು ಮೊಣಕಾಲೂರಿದ, ಎದ್ದ. ಇಬ್ಬರೂ ಒಟ್ಟಿಗೇ “ಹತ್ತು, ಎಂಟು” ಅಂದರು. ಹೇಮಾವತಿಗೆ ಖುಷಿಯೋ ಖುಷಿ.

ಮೌನಿಕಾ ಚಹಾ ತಂದಳು. ಲೋಟ ಚಾಚಿದ್ದು ಎಡಗೈಯಿಂದ. ಬಲಗೈ ಸೆರಗಿನೊಳಗೇ ಇತ್ತು.

“ಬಂದೋರಿಗೆ ಎಡಗೈಲಿ ಕೊಡ್ತಾರೇನು? ಬುದ್ಧಿ ಎಲ್ಲಿಟ್ಟೀ?” ರಾಮಾಂಜಿ ಗದರಿದ.

“ಇರ್ಲಿ ಬಿಡಪ್ಪ. ಬಾಕ್ಸಿಂಗದಾಗ ಎಡಗೈಯೋರ್ನ ತಡಿಯೋದೇ ಕಷ್ಟ,” ಹೇಮಾವತಿ ತಮಾಷೆ ಮಾಡಿದಳು.

ಮೌನಿಕಾ ನಗಲಿಲ್ಲ. “ಬಿದ್ದು ಎದ್ದೋರಿಗೆ ಎಂಟು. ಏಳ್ಲಿಲ್ಲಂದ್ರ ಎಷ್ಟು ಕೊಡ್ತೀರಿ ಮೇಡಂ?”

“ಏಳ್ಲಿಲ್ಲಂದ್ರ ಆಟನೇ ಮುಗೀತಲ್ಲಮ್ಮ!”

ಈ ಹುಡುಗಿಗೂ ಆಟದ ರುಚಿ ಹತ್ತಿದೆ ಅಂದುಕೊಂಡು ಹೇಮಾವತಿ ಲೋಟ ಬರಿದು ಮಾಡಿದಳು. ಮುಂದಿನ ರಜೆಗೆ ಮತ್ತೊಂದು ಪಂದ್ಯ ನೋಡುವ ಮಾತಾಯಿತು. ರಾಮಾಂಜಿ ಬಾಗಿಲವರೆಗೂ ಬಂದು ಕೈ ಮುಗಿದ. ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ಚಿಲಕ ಬಿತ್ತು.

ಹೊರಗೆ ಗಂಗಕ್ಕ ಕಾದಿದ್ದಳು. ಹೇಮಾವತಿ ಗಾಡಿಯ ಸ್ಟ್ಯಾಂಡ್ ತೆಗೆಯುತ್ತಲೇ ಅವಳ ಮೇಲೆ ಹರಿಹಾಯ್ದಳು.

“ವಯಸ್ಸಾದ ಮ್ಯಾಲೆ ಮಂದಿ ಸಂಸಾರಕ್ಕ ಬೆಂಕಿ ಹಚ್ಚೋದೇನು ಗಂಗಕ್ಕ? ನೀ ಕೇಳಿದ್ದು ಟೀವಿ ಸಪ್ಪಳ. ಇನ್ನೊಂದ್ಸಲ ಸುಳ್ಳು ಹೇಳಿ ಕರೆಸಿದ್ರ ನಿನ್ನನ್ನೇ ಠಾಣೆಗೆ ಒಯ್ತೀನಿ.”

ಗಂಗಕ್ಕ ಹೆದರಲಿಲ್ಲ. “ಟೀವಿನಾ? ಇಷ್ಟೊತ್ತು ಒಳಗ ಕುಂತು ನೀವು ಅದನ್ನೇ ನೋಡಿದ್ರಿ. ಮಿಲ್ಲು ನಿಂತು ಎಷ್ಟೊತ್ತಾತು, ನಾ ಇಲ್ಲೇ ಕಟ್ಟಿ ಮ್ಯಾಲೆ ಅದೀನಿ. ಒಂದು ಸಪ್ಪಳಾನೂ ಬರ್ಲಿಲ್ಲಲ್ಲ ಮೇಡಂ?”

ಮುಚ್ಚಿದ ಬಾಗಿಲ ಹಿಂದೆ ಧಪ್ ಅಂದಿತು.

ಹೇಮಾವತಿಯ ಕೈಯಿಂದ ಗಾಡಿ ಜಾರಿ ನೆಲಕ್ಕೆ ಬಿತ್ತು. ಈ ಸಲ ಅವಳು ಚಿಲಕ ಸರಿಯುವುದನ್ನು ಕಾಯಲಿಲ್ಲ. ಓಡಿಹೋಗಿ ಬಾಗಿಲು ಒದ್ದಳು.

ಮೌನಿಕಾ ಗಂಡನ ಎದುರೇ ದೂರು ಕೊಟ್ಟಿದ್ದಳು, ಹೇಮಾವತಿ ಅದನ್ನು ಕೇಳಿ ಗಂಡನಿಗೆ ಶಹಬ್ಬಾಸ್ ಹೇಳಿ ಬಂದಿದ್ದಳು.