ಆರ್ಟ್ಸ್ ಸೀಟು

ಎದುರುಮನೆಯ ಓರಗಿತ್ತಿ ಪ್ರಮೀಳಾ ತನ್ನ ಮಗಳಿಗೆ ಏನು ಮಾಡಿದರೂ ವನಜಾಕ್ಷಿಗೆ ಹೊಟ್ಟೆ ಉರಿಯುತ್ತಿತ್ತು. ಡಿಗ್ರಿ ಓದಿ ಬಂದ ಆ ಕಿರಿಸೊಸೆಯನ್ನು ಅತ್ತೆ ಹೊಗಳಿದ್ದ ಒಂದೊಂದು ಮಾತೂ ಅವಳಿಗೆ ಇನ್ನೂ ನೆನಪಿತ್ತು. ಇಬ್ಬರ ಹೆಣ್ಣುಮಕ್ಕಳೂ ಆ ವರ್ಷ ಹತ್ತನೇ ಕ್ಲಾಸು. ಪ್ರಮೀಳಾಳ ಸಿರಿಗೆ ಗಣಿತದ ಟ್ಯೂಷನ್ ಅಂದರೆ ವನಜಾಕ್ಷಿಯ ಇಂಚರಳಿಗೆ ಗಣಿತ, ವಿಜ್ಞಾನ ಎರಡೂ. ಅಲ್ಲಿ ಬಾದಾಮಿ ನೆನೆಹಾಕಿದರೆ ಇಲ್ಲಿ ಬಾದಾಮಿಯ ಜೊತೆಗೆ ಒಂದೆಲಗದ ಚಟ್ನಿ.

ಫಲಿತಾಂಶ ಬಂದ ದಿನ ಇಂಚರ, "ಅಮ್ಮಾ, ಪಿಯುಸಿಗೆ ನಾನು ಆರ್ಟ್ಸ್ ತಗೋತೀನಿ" ಅಂದಳು.

"ತೊಂಬತ್ತೆರಡು ಪರ್ಸೆಂಟ್ ತೆಗೆದು ಆರ್ಟ್ಸಾ? ನಿಮ್ಮ ಚಿಕ್ಕಮ್ಮ ಬಿದ್ದು ಬಿದ್ದು ನಗ್ತಾಳೆ. ಸೈನ್ಸೇ, ಮುಗೀತು."

ಎರಡು ದಿನ ಇಂಚರ ಆ ಮಾತೆತ್ತಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದಳು: "ಸಿರಿ ಆರ್ಟ್ಸ್ ಸೇರ್ತಾಳಂತೆ. ಆಮೇಲೆ ಲಾ ಓದಿ ಜಡ್ಜ್ ಆಗ್ತಾಳಂತೆ. ಯಾರಿಗೂ ಹೇಳ್ಬೇಡ ಅಂದಿದಾರಂತೆ ಚಿಕ್ಕಮ್ಮ."

ಸಾರು ಬಡಿಸುತ್ತಿದ್ದ ವನಜಾಕ್ಷಿಯ ಕೈ ನಿಂತಿತು. "ಅವಳ ಮಗಳು ಜಡ್ಜ್ ಆಗೋದು, ನನ್ನ ಮಗಳು ಬಾಯಿ ಬಿಟ್ಕೊಂಡು ನೋಡೋದಾ?"

ಮರುದಿನ ಕಾಲೇಜು ಆಫೀಸಿನ ಬಾಗಿಲು ತೆರೆಯುವ ಮೊದಲೇ ತಾಯಿ ಮಗಳು ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದರು. ಆರ್ಟ್ಸಿಗೆ ಸೇರಿಸಿ, ಗೆದ್ದ ಮುಖದಲ್ಲಿ ವನಜಾಕ್ಷಿ ಹೊರಗೆ ಬಂದಳು. ಗೇಟಿನಲ್ಲಿ ಪ್ರಮೀಳಾ ಸಿರಿಯನ್ನು ಎಳೆದುಕೊಂಡು ಓಡೋಡಿ ಬರುತ್ತಿದ್ದಳು. ಹುಡುಗಿಯರಿಬ್ಬರೂ ತಲೆ ತಗ್ಗಿಸಿದರು.

"ಬಚ್ಚಿಟ್ಟಿದ್ದು ಸಾಕು ಬಿಡಿ ಅಕ್ಕ," ಅಂದಳು ಪ್ರಮೀಳಾ ಏದುಸಿರು ಬಿಡುತ್ತ. "ಇಂಚರನ್ನ ಜಡ್ಜ್ ಮಾಡೋಕೆ ಗುಟ್ಟಾಗಿ ಆರ್ಟ್ಸ್ ಸೇರಿಸ್ತಿದೀರ ಅಂತ ನಮ್ಮ ಸಿರಿ ನಿನ್ನೇನೇ ಹೇಳಿದ್ಳು!"